ಇಳಿಬಿಟ್ಟರೆ ಕತ್ತಿಯಾಗುವ ಬಾಣ

ಜುಲೈ 1 ಕೆನಡಾ ದಿನ. ದೇಶದ ಉದ್ದಕ್ಕೂ ಪಟಾಕಿ, ಮೆರವಣಿಗೆ, ಕೆಂಪು-ಬಿಳಿ ಟೀ ಶರ್ಟು. ಆದರೆ ನಮ್ಮ ಕನ್ನಡ ಸಂಘದ ಸೀನಿಯರ್ ಒಬ್ಬರು ಆ ದಿನ ಗ್ರೂಪಿಗೆ ಹಾಕಿದ ಫೋಟೋದಲ್ಲಿ ಬಾವುಟಗಳೆಲ್ಲ ಅರ್ಧಕ್ಕೆ ಇಳಿದಿದ್ದವು. ಅವರು ಈಗ ಕೆನಡಾದ ಪೂರ್ವ ತುದಿಯಲ್ಲಿರೋ ಸೇಂಟ್ ಜಾನ್ಸ್ ನಗರದಲ್ಲಿ ಮಾಸ್ಟರ್ಸ್ ಓದ್ತಿದ್ದಾರೆ. "ಯಾರಾದ್ರೂ ಹೋಗ್ಬಿಟ್ರಾ ಅಣ್ಣಾ?" ಅಂತ ಕೇಳಿದ್ವಿ. "ಹೋಗಿ ನೂರು ವರ್ಷದ ಮೇಲಾಯ್ತು. ಇಲ್ಲಿ ಬೆಳಗ್ಗೆ ಶೋಕ, ಮಧ್ಯಾಹ್ನದ ಮೇಲೆ ಹಬ್ಬ" ಅಂದರು. ಅದೇ ಫೋಟೋದಲ್ಲಿ ಹಿಂದಿನ ಒಂದು ಮನೆಯ ಮೇಲೆ ಗುಲಾಬಿ, ಬಿಳಿ, ಹಸಿರು ಪಟ್ಟಿಯ ಇನ್ಯಾವುದೋ ಬಾವುಟ. ಅದು ಕೆನಡಾದ್ದೂ ಅಲ್ಲ, ಆ ಪ್ರಾಂತ್ಯದ್ದೂ ಅಲ್ಲವಂತೆ. ಹಾಗಾದ್ರೆ ಯಾರದ್ದು? ಈ ಪ್ರಶ್ನೆ ಹಿಡ್ಕೊಂಡು ಹೊರಟವರಿಗೆ ಸಿಕ್ಕಿದ್ದು ಒಂದು ದೇಶ ತನ್ನನ್ನು ತಾನೇ ವೋಟು ಹಾಕಿ ಪ್ರಾಂತ್ಯ ಮಾಡಿಕೊಂಡ ಕಥೆ.

ಪ್ರಾಂತ್ಯದ ಹೆಸರು ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್. ನ್ಯೂಫೌಂಡ್‌ಲ್ಯಾಂಡ್ ಅಟ್ಲಾಂಟಿಕ್ ಸಾಗರದ ದೊಡ್ಡ ದ್ವೀಪ. ಲ್ಯಾಬ್ರಡಾರ್ ಅದರ ಎದುರಿನ ಮುಖ್ಯಭೂಮಿಯ ಭಾಗ. ಎರಡೂ ಸೇರಿದರೆ ಕರ್ನಾಟಕದ ಎರಡರಷ್ಟು ನೆಲ, ಜನ ಮಾತ್ರ 5 ಲಕ್ಷ ಚಿಲ್ಲರೆ. ಸೇಂಟ್ ಜಾನ್ಸ್‌ಗೆ ಕೆನಡಾದ ಇನ್ನೊಂದು ತುದಿಯ ವ್ಯಾಂಕೂವರಿಗಿಂತ ಲಂಡನ್ನೇ ಹತ್ತಿರ. (ನಮ್ಮ ಹಾಗೆ ಅವರ ಗಡಿಯಾರವೂ ಅರ್ಧ ಗಂಟೆಯ ಲೆಕ್ಕದ್ದು.)

1867ರಲ್ಲಿ ಕೆನಡಾ ಒಕ್ಕೂಟವಾದಾಗ ನ್ಯೂಫೌಂಡ್‌ಲ್ಯಾಂಡ್ ಸೇರಲಿಲ್ಲ. 1869ರ ಚುನಾವಣೆಯಲ್ಲಿ ಜನ ಒಕ್ಕೂಟದ ಪರ ಇದ್ದವರನ್ನು ಸೋಲಿಸಿ ಕಳಿಸಿದರು. 1907ರಲ್ಲಿ ಅದು ಬ್ರಿಟಿಷ್ ಸಾಮ್ರಾಜ್ಯದೊಳಗೆ ಡೊಮಿನಿಯನ್ ಆಯಿತು. ಅಂದರೆ ಕೆನಡಾ, ಆಸ್ಟ್ರೇಲಿಯಾಗಳ ಸಾಲಿನಲ್ಲೇ ನಿಂತ ಪ್ರತ್ಯೇಕ ದೇಶ. ಅದಕ್ಕೆ ತನ್ನದೇ ಪ್ರಧಾನಿ, ತನ್ನದೇ ಅಂಚೆಚೀಟಿ, ಮೊದಲ ಮಹಾಯುದ್ಧ ಬಂದಾಗ ತನ್ನದೇ ರೆಜಿಮೆಂಟು.

1916ರ ಜುಲೈ 1, ಫ್ರಾನ್ಸಿನ ಬೋಮಾಂಟ್-ಹ್ಯಾಮೆಲ್. ಸೊಮ್ ಕದನದ ಮೊದಲ ದಿನ. ನ್ಯೂಫೌಂಡ್‌ಲ್ಯಾಂಡ್ ರೆಜಿಮೆಂಟಿನ ಸುಮಾರು 800 ಜನ ಕಂದಕದಿಂದ ಎದ್ದು ಜರ್ಮನ್ ಮೆಷಿನ್ ಗನ್ನುಗಳ ಎದುರಿಗೆ ನಡೆದರು. ಅರ್ಧ ಗಂಟೆಯೊಳಗೆ ಹೆಚ್ಚುಕಡಿಮೆ ಎಲ್ಲ ಮುಗಿದಿತ್ತು. ಮರುದಿನ ಬೆಳಗ್ಗೆ ಹಾಜರಿ ಕೂಗಿದಾಗ ಓಗೊಟ್ಟವರು 68. ಉಳಿದವರು ಸತ್ತಿದ್ದರು, ಗಾಯಗೊಂಡಿದ್ದರು, ಇಲ್ಲವೇ ಕಾಣೆಯಾಗಿದ್ದರು. ಎರಡೂವರೆ ಲಕ್ಷದಷ್ಟು ಜನರ ನಾಡಿನಲ್ಲಿ ಈ ಸಂಖ್ಯೆ ಮುಟ್ಟದ ಊರು ಯಾವುದು ಉಳಿದೀತು? ಅದಕ್ಕೇ ಅಲ್ಲಿ ಜುಲೈ 1 ಮೊದಲು ಸ್ಮರಣೆಯ ದಿನ. ಎದೆಗೆ ಫರ್ಗೆಟ್-ಮಿ-ನಾಟ್ ಅನ್ನೋ ಪುಟ್ಟ ನೀಲಿ ಹೂವು ಸಿಕ್ಕಿಸಿಕೊಳ್ತಾರೆ. ನಮ್ಮ ಸೀನಿಯರ್ ಓದ್ತಿರೋ ಮೆಮೋರಿಯಲ್ ಯೂನಿವರ್ಸಿಟಿಯೂ 1925ರಲ್ಲಿ ಆ ಯುದ್ಧದಲ್ಲಿ ಸತ್ತವರ ನೆನಪಿಗೆ ಕಟ್ಟಿದ ಕಾಲೇಜೇ. ಹೆಸರಿನಲ್ಲೇ ಇದ್ದದ್ದನ್ನು ನಾವು ಇಷ್ಟು ದಿನ ಗಮನಿಸಿರಲಿಲ್ಲ.

ಯುದ್ಧಕ್ಕೆ ಮಾಡಿದ ಸಾಲ, ಅದಕ್ಕೂ ಮುಂಚೆ ರೈಲು ಹಳಿಗೆ ಮಾಡಿದ ಸಾಲ, ಮೇಲೆ 1930ರ ದಶಕದ ಆರ್ಥಿಕ ಕುಸಿತ. ಮೀನಿನ ಬೆಲೆ ಬಿತ್ತು. 1932ರಲ್ಲಿ ಸಿಟ್ಟೆದ್ದ ಜನ ಶಾಸನಸಭೆಯ ಕಟ್ಟಡಕ್ಕೆ ನುಗ್ಗಿದರು. ಕೊನೆಗೆ 1934ರಲ್ಲಿ ಆ ದೇಶ ತನ್ನ ಸಂಸತ್ತನ್ನು ತಾನೇ ಅಮಾನತಿನಲ್ಲಿಟ್ಟು, ಲಂಡನ್ ನೇಮಿಸಿದ ಆಯೋಗದ ಕೈಗೆ ಆಡಳಿತ ಒಪ್ಪಿಸಿತು. ಸಾಲ ತೀರಿಸೋಕಾಗದೆ ಪ್ರಜಾಪ್ರಭುತ್ವವನ್ನೇ ಅಡವಿಟ್ಟ ಹಾಗೆ. ಇದನ್ನು ಓದುವಾಗ ನಮಗೆ ನಂಬಿಕೆ ಬರದೆ ಇಸವಿಯನ್ನು ಎರಡೆರಡು ಸಲ ನೋಡಿಕೊಂಡೆವು.

ಮುಂದೇನು ಅನ್ನೋದನ್ನು 1948ರಲ್ಲಿ ಜನಮತಕ್ಕೆ ಹಾಕಿದರು. ಜೂನ್ 3ರ ಮೊದಲ ಸುತ್ತಿನಲ್ಲಿ ಸ್ವಂತ ಸರ್ಕಾರಕ್ಕೆ 44.6%, ಕೆನಡಾ ಸೇರೋದಕ್ಕೆ 41.1%, ಆಯೋಗವೇ ಇರಲಿ ಅಂದವರು 14.3%. ಯಾರಿಗೂ ಬಹುಮತ ಇಲ್ಲ. ಕೊನೆಯದನ್ನು ಕೈಬಿಟ್ಟು ಜುಲೈ 22ಕ್ಕೆ ಮತ್ತೆ ವೋಟು: ಕೆನಡಾಗೆ 52.3%, ಸ್ವಂತ ಸರ್ಕಾರಕ್ಕೆ 47.7%. ಕೆನಡಾ ಪರ ಊರೂರು ಸುತ್ತಿದ ಜೋಸೆಫ್ ಸ್ಮಾಲ್‌ವುಡ್ ಮೊದಲ ಪ್ರೀಮಿಯರ್ ಆದರು. ಮಕ್ಕಳಿದ್ದ ಮನೆಗೆ ತಿಂಗಳು ತಿಂಗಳು ಭತ್ಯೆ ಬರುತ್ತೆ ಅನ್ನೋ ಮಾತು ಬಡ ಮೀನುಗಾರರ ಊರುಗಳಲ್ಲಿ ಚೆನ್ನಾಗಿ ನಡೆಯಿತು. 1949ರ ಮಾರ್ಚ್ 31ರ ನಡುರಾತ್ರಿಗೆ ಸ್ವಲ್ಪ ಮುಂಚೆ ನ್ಯೂಫೌಂಡ್‌ಲ್ಯಾಂಡ್ ಕೆನಡಾದ ಹತ್ತನೇ ಪ್ರಾಂತ್ಯವಾಯಿತು. ಏಪ್ರಿಲ್ 1 ಬೇಡ ಅಂತ ಹಾಗೆ ಮಾಡಿದರು ಅನ್ನೋ ತಮಾಷೆ ಈಗಲೂ ಇದೆ. ಸೇಂಟ್ ಜಾನ್ಸ್‌ನ ಕೆಲವು ಮನೆಗಳಲ್ಲಿ ಮರುದಿನ ಕಪ್ಪು ಬಟ್ಟೆ ಕಟ್ಟಿದ್ದರು.

ಇನ್ನು ಬಾವುಟಕ್ಕೆ ಬರೋಣ. ಹೊಸ ಪ್ರಾಂತ್ಯಕ್ಕೆ ತನ್ನದು ಅಂತ ಒಂದು ಬಾವುಟವೇ ಇರಲಿಲ್ಲ. ಬ್ರಿಟನ್ನಿನ ಯೂನಿಯನ್ ಜಾಕನ್ನೇ ಹಾರಿಸುತ್ತಿದ್ದರು. ಕೆನಡಾ 1965ರಲ್ಲಿ ಮೇಪಲ್ ಎಲೆಯ ಬಾವುಟ ತಂದುಕೊಂಡ ಮೇಲೂ ಇಲ್ಲಿ ಅದೇ ನಡೆಯಿತು. 1980ರಲ್ಲಿ ಪ್ರೀಮಿಯರ್ ಬ್ರಯಾನ್ ಪೆಕ್‌ಫೋರ್ಡ್ ಕಾಲದಲ್ಲಿ ಅಲ್ಲಿನ ಹೆಸರಾಂತ ಚಿತ್ರಕಾರ ಕ್ರಿಸ್ಟೋಫರ್ ಪ್ರ್ಯಾಟ್ ಬರೆದ ವಿನ್ಯಾಸ ಒಪ್ಪಿಗೆಯಾಯಿತು. ಪ್ರಾಂತ್ಯವಾದ 31 ವರ್ಷಕ್ಕೆ!

ಮೊದಲ ನೋಟಕ್ಕೆ ಇದು ನಮ್ಮ ಎಂಜಿನಿಯರಿಂಗ್ ಡ್ರಾಯಿಂಗ್ ಶೀಟಿನ ಹಾಗೇ ಕಾಣುತ್ತೆ, ಬರೀ ತ್ರಿಕೋನ, ಗೆರೆ. ಎಡಗಡೆ ನೀಲಿ ತ್ರಿಕೋನಗಳು, ಯೂನಿಯನ್ ಜಾಕಿನ ನೆರಳು. ಬಲಗಡೆ ಕೆಂಪು ಅಂಚಿನ ಎರಡು ತ್ರಿಕೋನ: ಒಂದು ದ್ವೀಪ, ಇನ್ನೊಂದು ಲ್ಯಾಬ್ರಡಾರ್. ನಡುವೆ ಮುಂದಕ್ಕೆ ನೋಡುವ ಚಿನ್ನದ ಬಣ್ಣದ ಬಾಣ. ಬಿಳಿ ಅಂದರೆ ಹಿಮ, ನೀಲಿ ಅಂದರೆ ಕಡಲು, ಕೆಂಪು ಅಂದರೆ ಜನರ ದುಡಿಮೆ, ಚಿನ್ನ ಅಂದರೆ ತಮ್ಮ ಮೇಲಿನ ನಂಬಿಕೆ. ಕೆಂಪು ತ್ರಿಕೋನ ಮತ್ತು ಬಾಣ ಸೇರಿಸಿ ನೋಡಿದರೆ ತ್ರಿಶೂಲ, ಅದು ಮೀನುಗಾರಿಕೆಯ ಗುರುತು. ನಮಗೆ ಬಹಳ ಹಿಡಿಸಿದ್ದು ಇನ್ನೊಂದು: ಬಾವುಟವನ್ನು ಅಡ್ಡಕ್ಕೆ ಹಾರಿಸದೆ ಗೋಡೆಗೆ ಉದ್ದಕ್ಕೆ ಇಳಿಬಿಟ್ಟರೆ, ಅದೇ ಬಾಣ ಕತ್ತಿಯಾಗುತ್ತೆ. ಯುದ್ಧದಲ್ಲಿ ಸತ್ತವರ ನೆನಪಿಗೆ ಇಟ್ಟದ್ದು. ಭವಿಷ್ಯಕ್ಕೂ ಬೋಮಾಂಟ್-ಹ್ಯಾಮೆಲ್ಲಿಗೂ ಒಂದೇ ಆಕಾರ, 90 ಡಿಗ್ರಿ ತಿರುಗಿಸಬೇಕು ಅಷ್ಟೇ.

ಇಷ್ಟೆಲ್ಲ ಯೋಚಿಸಿ ಮಾಡಿದರೂ ಅದು ಎಲ್ಲರ ಮನಸ್ಸಿಗೆ ಹತ್ತಲಿಲ್ಲ. ಫೋಟೋದಲ್ಲಿ ಕಂಡ ಗುಲಾಬಿ-ಬಿಳಿ-ಹಸಿರು ಬಾವುಟ ಬರೋದು ಇಲ್ಲೇ. ಅದರ ಕಥೆ ಹೀಗೆ ಹೇಳ್ತಾರೆ: 1840ರ ದಶಕದಲ್ಲಿ ಗುಲಾಬಿ ಬಣ್ಣದ ಪ್ರೊಟೆಸ್ಟೆಂಟರಿಗೂ ಹಸಿರು ಬಣ್ಣದ ಐರಿಷ್ ಕ್ಯಾಥೊಲಿಕರಿಗೂ ಜಗಳ ಹತ್ತಿತು, ಬಿಷಪ್ ಫ್ಲೆಮಿಂಗ್ ನಡುವೆ ಬಿಳಿ ಬಟ್ಟೆ ಕಟ್ಟಿ ರಾಜಿ ಮಾಡಿಸಿದರು. ಚಂದದ ಕಥೆ, ಆದರೆ ಪುರಾವೆ ಇಲ್ಲ. ಇತಿಹಾಸಕಾರರು ಬೊಟ್ಟು ಮಾಡೋದು 19ನೇ ಶತಮಾನದ ಕೊನೆಯ ಹೊತ್ತಿಗೆ ಇದ್ದ ಸ್ಟಾರ್ ಆಫ್ ದ ಸೀ ಅನ್ನೋ ಕ್ಯಾಥೊಲಿಕ್ ಮೀನುಗಾರರ ಸಂಘದ ಬಾವುಟದ ಕಡೆ. ಅಂದರೆ ಎರಡು ಪಂಗಡ ಒಂದಾದ ಗುರುತು ಅಂತ ಜನ ಹಾರಿಸೋದು ಬಹುಶಃ ಒಂದೇ ಪಂಗಡದ ಬಾವುಟ. ಅದು ಯಾವತ್ತೂ ಅಧಿಕೃತ ಆಗಿಲ್ಲ. ಆದರೂ ಅಂಗಿಯ ಮೇಲೆ, ಮನೆ ಬಾಗಿಲ ಮೇಲೆ ಇದೆ, ಯಾಕಂದ್ರೆ ಕೈತಪ್ಪಿದ ದೇಶದ ನೆನಪಾಗಿ ಹಿಡ್ಕೊಳ್ಳೋಕೆ ಏನಾದರೂ ಬೇಕಲ್ಲ.

ಬಾವುಟ ಏರಿಸೋದಷ್ಟೇ ಅಲ್ಲ, ಇಳಿಸೋದೂ ಒಂದು ಮಾತು. 1992ರ ಜುಲೈ 2ರಂದು ಒಟ್ಟಾವಾ ಸರ್ಕಾರ ಕಾಡ್ ಮೀನು ಹಿಡಿಯೋದನ್ನೇ ನಿಲ್ಲಿಸಿತು. ಅತಿಯಾಗಿ ಹಿಡಿದು ಹಿಡಿದು ಕಡಲು ಬರಿದಾಗಿತ್ತು. ಸುಮಾರು 30,000 ಜನರ ಕೆಲಸ ಹೋಯಿತು. ತ್ರಿಶೂಲ ಬಾವುಟದ ಮೇಲೆ ಉಳಿಯಿತು, ಮೀನು ಉಳಿಯಲಿಲ್ಲ. ಆಮೇಲೆ ಆಸರೆಗೆ ಬಂದದ್ದು ಕಡಲೊಳಗಿನ ಎಣ್ಣೆ. ಅದರ ಹಣ ಕೇಂದ್ರಕ್ಕೆಷ್ಟು, ನಮಗೆಷ್ಟು ಅನ್ನೋ ಜಗಳದಲ್ಲಿ 2004ರ ಡಿಸೆಂಬರಿನಲ್ಲಿ ಪ್ರೀಮಿಯರ್ ಡ್ಯಾನಿ ವಿಲಿಯಮ್ಸ್ ಪ್ರಾಂತ್ಯದ ಸರ್ಕಾರಿ ಕಟ್ಟಡಗಳಿಂದ ಕೆನಡಾದ ಬಾವುಟ ಇಳಿಸಿಯೇಬಿಟ್ಟರು. ಜನವರಿಯಲ್ಲಿ ಮತ್ತೆ ಏರಿತು, ಅದರ ಬೆನ್ನಿಗೇ 200 ಕೋಟಿ ಡಾಲರಿನ ಒಪ್ಪಂದವೂ ಆಯಿತು.

ಲ್ಯಾಬ್ರಡಾರಿನವರ ತಕರಾರು ಬೇರೆ. ಪ್ರಾಂತ್ಯದ ಹೆಚ್ಚಿನ ನೆಲ ಅವರದ್ದು, ಹೆಸರು ಮಾತ್ರ ದ್ವೀಪದ್ದು. 1974ರಲ್ಲಿ ಅಲ್ಲಿನ ಶಾಸಕ ಮೈಕ್ ಮಾರ್ಟಿನ್ ಮತ್ತು ಕೆಲವರು ಸೇರಿ ಒಂದು ಬಾವುಟ ಮಾಡಿಕೊಂಡರು: ಬಿಳಿ, ಹಸಿರು, ನೀಲಿ ಪಟ್ಟಿ, ಮೂಲೆಯಲ್ಲಿ ಸ್ಪ್ರೂಸ್ ಮರದ ಕುಡಿ. ಕುಡಿಯ ಮೂರು ಕವಲು ಅಂದರೆ ಇನ್ಯುಯಿಟ್, ಇನ್ನು ಮತ್ತು ಯುರೋಪಿನಿಂದ ಬಂದು ನೆಲೆಸಿದವರು. ಪ್ರಾಂತ್ಯದ ಅಧಿಕೃತ ಬಾವುಟಕ್ಕಿಂತ ಆರು ವರ್ಷ ಹಿರಿಯದು! ಹೆಸರಿಗೆ "ಮತ್ತು ಲ್ಯಾಬ್ರಡಾರ್" ಅಂತ ಸೇರಿದ್ದು 2001ರಲ್ಲಿ, ಅದೂ ಸಂವಿಧಾನ ತಿದ್ದುಪಡಿ ಮಾಡಿ. ಎಲೆಕ್ಟ್ರಿಕಲ್‌ನವರಿಗೆ ಒಂದು ವಿಷಯ: ಲ್ಯಾಬ್ರಡಾರಿನ ಚರ್ಚಿಲ್ ಫಾಲ್ಸ್ ಜಲವಿದ್ಯುತ್ ಕೇಂದ್ರದ ಸಾಮರ್ಥ್ಯ 5,428 ಮೆಗಾವ್ಯಾಟ್, ನಮ್ಮ ಶರಾವತಿ ಕೇಂದ್ರದ ಐದು ಪಟ್ಟು. 1969ರ ಒಪ್ಪಂದದಂತೆ ಅದರ ಬಹುಪಾಲು ಕರೆಂಟು ಪಕ್ಕದ ಕ್ವಿಬೆಕ್‌ಗೆ, ಯೂನಿಟ್ಟಿಗೆ ಕಾಲು ಸೆಂಟಿನ ಆಸುಪಾಸಿನಲ್ಲಿ. ಆ ಸಿಟ್ಟು ಇಡೀ ಪ್ರಾಂತ್ಯಕ್ಕೇ ಇದೆ.

ಕೊನೆಗೆ ಉಳಿದದ್ದು ಲಾಂಛನ. ಇದು ಎಲ್ಲಕ್ಕಿಂತ ಹಳೆಯದು: 1638ರಲ್ಲಿ ಇಂಗ್ಲೆಂಡಿನ ರಾಜ ಮೊದಲನೇ ಚಾರ್ಲ್ಸ್ ಕಾಲದಲ್ಲಿ, ದ್ವೀಪದ ಪಟ್ಟ ಪಡೆದ ಡೇವಿಡ್ ಕರ್ಕ್ ಎಂಬಾತನಿಗೆ ಕೊಟ್ಟದ್ದು. ಆಮೇಲೆ ಎಲ್ಲರೂ ಮರೆತೇಬಿಟ್ಟು, ಮತ್ತೆ ಹುಡುಕಿ ತೆಗೆದು ಅಧಿಕೃತ ಮಾಡಿಕೊಂಡದ್ದು 1928ರಲ್ಲಿ. ಕೆಂಪು ಗುರಾಣಿ, ಬಿಳಿ ಶಿಲುಬೆ, ಇಂಗ್ಲೆಂಡಿನ ಎರಡು ಸಿಂಹ, ಸ್ಕಾಟ್ಲೆಂಡಿನ ಎರಡು ಒಂಟಿಕೊಂಬಿನ ಕುದುರೆ. ಮೇಲೊಂದು ಎಲ್ಕ್ ಜಿಂಕೆ. ತಮಾಷೆ ಏನಂದ್ರೆ ಆ ದ್ವೀಪದಲ್ಲಿ ಎಲ್ಕ್ ಯಾವತ್ತೂ ಇರಲಿಲ್ಲ. ಇದ್ದದ್ದು ಕ್ಯಾರಿಬೂ. ಲಂಡನ್ನಿನಲ್ಲಿ ಕೂತು ಬರೆದವರಿಗೆ ಅದೆಲ್ಲಿ ಗೊತ್ತಾಗಬೇಕು? ಸೈನಿಕರು ತಪ್ಪು ಮಾಡಲಿಲ್ಲ: ರೆಜಿಮೆಂಟಿನ ಬ್ಯಾಡ್ಜಿನಲ್ಲಿ ಕ್ಯಾರಿಬೂ ಇದೆ, ಬೋಮಾಂಟ್-ಹ್ಯಾಮೆಲ್ಲಿನ ಸ್ಮಾರಕದ ಮೇಲೆ ನಿಂತಿರೋದೂ ಕಂಚಿನ ಕ್ಯಾರಿಬೂವೇ.

ತಮಾಷೆ ಇಲ್ಲಿಗೆ ನಿಲ್ಲುತ್ತೆ. ಗುರಾಣಿಯ ಎಡ ಬಲಕ್ಕೆ ಇಬ್ಬರು ಮನುಷ್ಯರು ನಿಂತಿದ್ದಾರೆ. ಅವರು ದ್ವೀಪದ ಮೂಲನಿವಾಸಿ ಬಿಯೋಥಕ್ ಜನ. ಲಾಂಛನಶಾಸ್ತ್ರದಲ್ಲಿ ಚಿತ್ರಕ್ಕಿಂತ ಅದನ್ನು ವಿವರಿಸುವ ಪಠ್ಯಕ್ಕೇ ಬೆಲೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸ್ಪೆಸಿಫಿಕೇಷನ್ನೇ ಅಧಿಕೃತ, ಚಿತ್ರವನ್ನು ಯಾರು ಹೇಗಾದರೂ ಬಿಡಿಸಬಹುದು. ಆ 1638ರ ಪಠ್ಯ ಅವರನ್ನು ಕರೆದದ್ದು ಕಾಡುಮನುಷ್ಯರು ಅಂತ, ಯುದ್ಧದ ಉಡುಪಿನಲ್ಲಿ. ಮೀನು ಹಿಡಿಯಲು ಬಂದ ಯುರೋಪಿನವರು ಕರಾವಳಿಯೆಲ್ಲ ಹಿಡಿದುಕೊಂಡಾಗ ಬಿಯೋಥಕರು ಒಳನಾಡಿಗೆ ಸರಿದರು. ಅಲ್ಲಿ ಕಡಲಿನ ಆಹಾರ ಇಲ್ಲ. ಹಸಿವು, ಕ್ಷಯ, ಬಂದೂಕು. 1819ರಲ್ಲಿ ದೆಮಾಸ್ದುಯಿತ್ ಎಂಬ ಹೆಂಗಸನ್ನು ಹಿಡಿದೊಯ್ದಾಗ ತಡೆಯಲು ಬಂದ ಗಂಡ ನೊನೊಸಬಾಸುತ್‌ನನ್ನು ಕೊಂದರು. ಮರುವರ್ಷ ಅವಳೂ ಕ್ಷಯದಿಂದ ತೀರಿಕೊಂಡಳು. ಇತಿಹಾಸಕ್ಕೆ ಗೊತ್ತಿರುವ ಕೊನೆಯ ಬಿಯೋಥಕ್, ಶನಾದಿತಿತ್, 1829ರ ಜೂನ್ 6ರಂದು ಸೇಂಟ್ ಜಾನ್ಸ್‌ನಲ್ಲಿ ಸತ್ತಳು. ನೂರು ವರ್ಷ ತುಂಬೋಕೆ ಒಂದು ವರ್ಷ ಇರುವಾಗ ಆ ನಾಡು ಅವರನ್ನೇ ಲಾಂಛನದಲ್ಲಿ ಕಾವಲಿಗೆ ನಿಲ್ಲಿಸಿಕೊಂಡಿತು.

2018ರಲ್ಲಿ ಪ್ರೀಮಿಯರ್ ಡ್ವೈಟ್ ಬಾಲ್ ಲಾಂಛನವನ್ನು ಬದಲಿಸುವ ಮಾತಾಡಿದರು. ದೆಮಾಸ್ದುಯಿತ್ ಮತ್ತು ನೊನೊಸಬಾಸುತ್ ಇಬ್ಬರ ತಲೆಬುರುಡೆಗಳು ಸಮಾಧಿಯಿಂದ ಕದ್ದೊಯ್ದವು; ಎಡಿನ್‌ಬರೋದ ಮ್ಯೂಸಿಯಂನಲ್ಲಿದ್ದವು. ಮಿಗ್ಮಾ ಸಮುದಾಯದ ಮುಖಂಡ ಮಿಸೆಲ್ ಜೋ ವರ್ಷಗಟ್ಟಲೆ ಕೇಳಿದ ಮೇಲೆ 2020ರ ಮಾರ್ಚಿನಲ್ಲಿ ಅವು ಊರಿಗೆ ವಾಪಸ್ ಬಂದವು.

ಶನಾದಿತಿತ್ ಸಾಯುವ ಮುಂಚೆ ತನ್ನ ಜನರ ಮನೆ, ಆಹಾರ, ದೆಮಾಸ್ದುಯಿತ್‌ಳನ್ನು ಹಿಡಿದ ದಿನ, ಎಲ್ಲವನ್ನೂ ಪೆನ್ಸಿಲಿನಲ್ಲಿ ಬಿಡಿಸಿಟ್ಟಿದ್ದಾಳೆ. ಲಾಂಛನದ ಚಿತ್ರ ಹೊರಗಿನವರು ಬಿಡಿಸಿದ್ದು, ಇದು ಅವಳದ್ದು. ಆ ಚಿತ್ರಗಳು ಸೇಂಟ್ ಜಾನ್ಸ್‌ನ ದ ರೂಮ್ಸ್ ಮ್ಯೂಸಿಯಂನ ಸಂಗ್ರಹದಲ್ಲಿವೆ. ನಮ್ಮ ಸೀನಿಯರ್‌ಗೆ ಕ್ಯಾಂಪಸ್ಸಿನಿಂದ ಅಷ್ಟೇನೂ ದೂರ ಇಲ್ಲ. "ಎರಡು ವರ್ಷದಿಂದ ಅದರ ಮುಂದೆನೇ ಬಸ್ಸಲ್ಲಿ ಹೋಗ್ತಿದೀನಿ, ಒಳಗೆ ಹೋಗಿಲ್ಲ. ಈ ಶನಿವಾರ ಹೋಗ್ತೀನಿ" ಅಂದಿದ್ದಾರೆ.