ನೆಲೆ ತಪ್ಪಿದ ತರುಣರೂ ಬಾಡಿಗೆಯ ಮನೆಯೂ: ಒಂದು ಸಂಶೋಧನಾ ವಿಚಾರ

ಒಂದು ಬಾಡಿಗೆಯ ಕೋಣೆಯು ಅಗ್ಗವೋ ದುಬಾರಿಯೋ ಎಂಬುದನ್ನು ನಿಶ್ಚಯಿಸುವುದು ಮೇಲುನೋಟಕ್ಕೆ ಸುಲಭವಾದ ಲೆಕ್ಕ. ಬಾಡಿಗೆಯು ವರಮಾನದ ಎಷ್ಟನೆಯ ಪಾಲು ಎಂದು ನೋಡಿದರೆ ಮುಗಿಯಿತು. ಆದರೆ ಆ ಕೋಣೆಯನ್ನು ಕೇಳಿಕೊಂಡು ಬಂದವನು ಹತ್ತೊಂಬತ್ತು ವರ್ಷದ ತರುಣನೆಂದೂ, ಹಿಂದಿನ ಆರು ತಿಂಗಳನ್ನು ಒಬ್ಬ ಗೆಳೆಯನ ನಡುಮನೆಯಲ್ಲಿ ಕೆಲವು ದಿನ, ಮತ್ತೊಬ್ಬನ ಜಗುಲಿಯಲ್ಲಿ ಕೆಲವು ದಿನ ಮಲಗಿ ಕಳೆದವನೆಂದೂ ಭಾವಿಸೋಣ. ಆಗ ಈ ಲೆಕ್ಕವು ಸಾಲದೆ ಹೋಗುತ್ತದೆ. ಅವನ ವರಮಾನವೆಷ್ಟು, ಅದು ಎಷ್ಟು ದಿನ ಬರುತ್ತದೆ, ಅವನಿಗೆ ಜಾಮೀನು ನಿಲ್ಲುವವರು ಯಾರು, ಅವನನ್ನು ನೆಲೆಯಿಲ್ಲದವನೆಂದು ಯಾವ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಏಳುತ್ತವೆ. ಇಂಥ ತರುಣರ ವಸತಿಯನ್ನು ಕುರಿತು ಸಂಶೋಧನೆ ಮಾಡುವವರಿಗೆ ಎದುರಾಗುವ ತೊಡಕುಗಳನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಇದಕ್ಕಾಗಿ ಇಂಗ್ಲೆಂಡನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇನೆ. ಅಲ್ಲಿಯ ಕಾನೂನು ವಯಸ್ಸಿನ ಗೆರೆಗಳನ್ನು ಸ್ಪಷ್ಟವಾಗಿ ಬರೆದಿಟ್ಟಿರುವುದರಿಂದ, ತೊಡಕು ಎಲ್ಲಿ ಹುಟ್ಟುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಬಹುದು. ನಮ್ಮ ನಾಡಿನಲ್ಲಿ ಇದೇ ಪ್ರಶ್ನೆಯನ್ನು ಕೇಳುವ ಬಗೆ ಹೇಗೆಂಬುದನ್ನು ಕಡೆಯಲ್ಲಿ ನೋಡೋಣ.

ಮೊದಲು ‘ಕೈಗೆಟುಕುವ ಬಾಡಿಗೆ’ ಎಂಬ ಮಾತನ್ನೇ ಪರೀಕ್ಷಿಸಬೇಕು. ವರಮಾನದ ನೂರಕ್ಕೆ 30ನ್ನು ಮೀರದ ಬಾಡಿಗೆಯು ಕೈಗೆಟುಕತಕ್ಕದ್ದು ಎಂಬ ಅಳತೆಯು ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಇದರ ಹಿನ್ನೆಲೆ ಅಮೆರಿಕದ್ದು. ಅಲ್ಲಿಯ ಸರ್ಕಾರಿ ವಸತಿಗಳ ಬಾಡಿಗೆಗೆ 1969ರಲ್ಲಿ ವರಮಾನದ ನೂರಕ್ಕೆ 25ರ ಮಿತಿಯನ್ನು ವಿಧಿಸಿದರು. 1981ರಲ್ಲಿ ಆ ಮಿತಿಯನ್ನು 30ಕ್ಕೆ ಏರಿಸಿದರು. ಆಡಳಿತದ ಅನುಕೂಲಕ್ಕಾಗಿ ಮಾಡಿಕೊಂಡ ಒಂದು ಕಟ್ಟಳೆಯು ಕಾಲಕ್ರಮದಲ್ಲಿ ಶಾಸ್ತ್ರಸಿದ್ಧಾಂತದ ವೇಷವನ್ನು ತೊಟ್ಟಿತು. ಇಂಗ್ಲೆಂಡಿನಲ್ಲಿ 2011ರಲ್ಲಿ ಆರಂಭವಾದ ಏರ್ಪಾಡಿನಲ್ಲಿ ಈ ಮಾತಿಗೆ ಇನ್ನೂ ವಿಚಿತ್ರವಾದ ಅರ್ಥ ಬಂದಿತು. ಅಲ್ಲಿ ‘ಕೈಗೆಟುಕುವ ಬಾಡಿಗೆ’ ಎಂದರೆ ಆ ಸ್ಥಳದ ಪೇಟೆಯ ಬಾಡಿಗೆಯಲ್ಲಿ ನೂರಕ್ಕೆ 80ರವರೆಗೆ ವಿಧಿಸಬಹುದಾದದ್ದು. ಈ ಅಳತೆಯಲ್ಲಿ ಪೇಟೆ ಇದೆ, ಬಾಡಿಗೆದಾರನ ಕೈ ಇಲ್ಲ! ಪೇಟೆ ಏರಿದರೆ ಕೈಗೆಟುಕುವುದೂ ಜೊತೆಯಲ್ಲೇ ಏರುತ್ತದೆ. ವಿದ್ಯಾರ್ಥಿಗಳು ಸರ್ಕಾರಿ ವರದಿಗಳನ್ನು ಓದುವಾಗ ಈ ಭೇದವನ್ನು ಮರೆಯಬಾರದು.

ಇನ್ನು ತರುಣನ ಕಡೆಯಿಂದ ನೋಡೋಣ. 1988ರಲ್ಲಿ ಬ್ರಿಟನ್ನಿನ ವರಮಾನ ಸಹಾಯಧನವನ್ನು ಹೊಸದಾಗಿ ಏರ್ಪಡಿಸಿದಾಗ 25 ವರ್ಷ ತುಂಬದ ಒಂಟಿ ವ್ಯಕ್ತಿಗಳಿಗೆ ಕಡಿಮೆಯ ದರವನ್ನು ಗೊತ್ತುಮಾಡಿದರು. 1999ರಲ್ಲಿ ಕನಿಷ್ಠ ಕೂಲಿಯು ಜಾರಿಗೆ ಬಂದಾಗ ಎಳೆಯರ ಕೂಲಿಯನ್ನು ಹಿರಿಯರ ಕೂಲಿಗಿಂತ ಕಡಿಮೆಯಾಗಿ ಇಟ್ಟರು. ಈ ನಡುವೆ, 1996ರಲ್ಲಿ, ಖಾಸಗಿ ಮನೆಗಳಲ್ಲಿ ವಾಸಿಸುವ 25ರೊಳಗಿನ ಒಂಟಿ ಬಾಡಿಗೆದಾರರಿಗೆ ಹಂಚಿಕೊಂಡಿರುವ ಮನೆಯ ಒಂದು ಕೋಣೆಗೆ ಸಾಲುವಷ್ಟೇ ಬಾಡಿಗೆಯ ನೆರವು ಎಂದು ನಿಯಮ ಮಾಡಿದರು. 2012ರ ಜನವರಿಯಿಂದ ಈ ನಿಯಮವು 35 ವರ್ಷದವರೆಗೂ ಚಾಚಿತು. ಮಕ್ಕಳು ತಂದೆತಾಯಿಗಳ ಮನೆಯಲ್ಲಿ ಇರುತ್ತಾರೆ, ಅವರ ಖರ್ಚು ಕಡಿಮೆ ಎಂಬ ಊಹೆಯೇ ಈ ಮೂರು ಗೆರೆಗಳ ಹಿಂದೆಯೂ ಇದ್ದಂತೆ ತೋರುತ್ತದೆ. ಆ ಊಹೆಯು ಬಹುಮಂದಿಯ ಮಟ್ಟಿಗೆ ನಿಜವಿರಬಹುದು. ತಂದೆತಾಯಿಗಳ ಮನೆಯೇ ಇಲ್ಲದವನ ಮಟ್ಟಿಗೆ ಅದು ಸುಳ್ಳು. ಮನೆಯೊಡೆಯನು ಕೇಳುವ ಬಾಡಿಗೆಯಲ್ಲಿ ವಯಸ್ಸಿನ ರಿಯಾಯಿತಿ ಇಲ್ಲವಷ್ಟೆ.

ನೆರವಿನ ಮೊತ್ತವನ್ನು ಗೊತ್ತುಮಾಡುವ ಕ್ರಮವೂ ವಿಚಾರಾರ್ಹವಾಗಿದೆ. ಒಂದು ಪ್ರದೇಶದ ನೂರು ಕೋಣೆಗಳನ್ನು ಬಾಡಿಗೆಯ ಕ್ರಮದಲ್ಲಿ, ಕಡಿಮೆಯದು ಮೊದಲಾಗಿ, ಸಾಲಾಗಿ ನಿಲ್ಲಿಸಿದೆವೆಂದು ಇಟ್ಟುಕೊಳ್ಳಿ. 2008ರಲ್ಲಿ ದೇಶದಾದ್ಯಂತ ಜಾರಿಗೆ ಬಂದ ಸ್ಥಳೀಯ ವಸತಿ ಭತ್ಯೆಯು ಸಾಲಿನ ನಡುವಣ ಕೋಣೆಯ ಬಾಡಿಗೆಯನ್ನು ಅನುಸರಿಸುತ್ತಿತ್ತು. 2011ರಲ್ಲಿ ಅದನ್ನು ಮೂವತ್ತನೆಯ ಕೋಣೆಗೆ ಇಳಿಸಿದರು. ಅಂದರೆ ನೂರರಲ್ಲಿ ಮೂವತ್ತು ಕೋಣೆಗಳು ಬಡವನಿಗೆ ತೆರೆದಿವೆ ಎಂದು ಕಾಗದದ ಮೇಲೆ ಅರ್ಥ. ಆದರೆ ಈ ಸಾಲು ತಯಾರಾಗುವುದು ಈಗಾಗಲೇ ಜನರು ತೆರುತ್ತಿರುವ ಬಾಡಿಗೆಗಳಿಂದ. ಇಂದು ಖಾಲಿ ಇರುವ ಕೋಣೆಗಳಿಗೆ ಒಡೆಯರು ಕೇಳುತ್ತಿರುವ ಬಾಡಿಗೆಗಳಿಂದಲ್ಲ. ಇದರ ಮೇಲೆ 2016ರಿಂದ ನಾಲ್ಕು ವರ್ಷ, 2020ರಿಂದ ಮತ್ತೆ ನಾಲ್ಕು ವರ್ಷ ಈ ದರವನ್ನು ಏರಿಸದೆ ನಿಲ್ಲಿಸಿದ್ದರು. 2024ರ ಏಪ್ರಿಲಿನಲ್ಲಿ ಪುನಃ ಮೂವತ್ತನೆಯ ಕೋಣೆಗೆ ಸರಿಹೊಂದಿಸಿದರು. ಬಾಡಿಗೆ ಏರುತ್ತ ದರ ನಿಂತಿದ್ದ ಆ ವರ್ಷಗಳಲ್ಲಿ ಮೂವತ್ತೆಂಬುದು ಹೆಸರಿಗೆ ಮಾತ್ರ ಉಳಿಯಿತು. ಆದುದರಿಂದ ಸಂಶೋಧಕನು ಭತ್ಯೆಯ ಪಟ್ಟಿಯನ್ನು ಓದಿ ಸುಮ್ಮನಾಗದೆ, ಒಂದು ಗೊತ್ತಾದ ವಾರದಲ್ಲಿ ನಿಜವಾಗಿ ಖಾಲಿ ಇದ್ದ ಕೋಣೆಗಳನ್ನು ಎಣಿಸಬೇಕು. ಅವುಗಳಲ್ಲಿ ಭತ್ಯೆಯೊಳಗೆ ದೊರೆಯುವುವೆಷ್ಟು, ಅವುಗಳಲ್ಲಿಯೂ ಭತ್ಯೆ ಪಡೆಯುವವರಿಗೆ ಕೊಡಲು ಒಡೆಯನು ಒಪ್ಪುವುವೆಷ್ಟು ಎಂದು ವಿಚಾರಿಸಬೇಕು. ದುಡಿತ ಹೆಚ್ಚು. ಆದರೆ ಈ ಮೂರು ಸಂಖ್ಯೆಗಳ ಅಂತರದಲ್ಲಿಯೇ ವಿಷಯದ ತಿರುಳಿದೆ.

ಬಾಡಿಗೆ ಹೊಂದಿದರೂ ಬಾಗಿಲು ತೆರೆಯುವುದೆಂಬ ಭರವಸೆಯಿಲ್ಲ. ಇಂಗ್ಲೆಂಡಿನಲ್ಲಿ 1925ರ ಆಸ್ತಿ ಕಾನೂನಿನ ಪ್ರಕಾರ 18 ತುಂಬದವನು ಭೂಮಿಯಲ್ಲಿ ಕಾನೂನುಬದ್ಧ ಹಕ್ಕನ್ನು ಹೊಂದಲಾರನು. ಆದುದರಿಂದ 16 ಅಥವಾ 17 ವರ್ಷದವನ ಬಾಡಿಗೆಯ ಹಕ್ಕನ್ನು ಬೇರೊಬ್ಬರು ಅವನ ಪರವಾಗಿ ಇಟ್ಟುಕೊಳ್ಳಬೇಕಾಗುತ್ತದೆ. 18 ತುಂಬಿದ ಮೇಲೆ ಜಾಮೀನುದಾರನ ಪ್ರಶ್ನೆ ಬರುತ್ತದೆ. 2019ರ ಕಾನೂನು ಸಾಮಾನ್ಯ ಬಾಡಿಗೆಗಳಲ್ಲಿ ಠೇವಣಿಯನ್ನು ಐದು ವಾರದ ಬಾಡಿಗೆಗೆ ಮಿತಿಗೊಳಿಸಿತು. ಅದು ದೊಡ್ಡ ಉಪಕಾರವೇ ಸರಿ. ಆದರೆ ಜಾಮೀನು ನಿಲ್ಲಲು ಕೆಲಸದಲ್ಲಿರುವ ತಂದೆಯೊಬ್ಬನನ್ನು ಯಾವ ಕಾನೂನೂ ಒದಗಿಸಲಾರದು.

ಈಗ ಅತ್ಯಂತ ಸೂಕ್ಷ್ಮವಾದ ಅಂಶಕ್ಕೆ ಬರೋಣ. ನೆಲೆ ತಪ್ಪಿದವನು ಎಂದರೆ ಯಾರು? ಕನ್ನಡದಲ್ಲಿ ‘ಮನೆಯಿಲ್ಲದವನು’ ಎಂದರೆ ಕನಿಕರ ಹುಟ್ಟುತ್ತದೆ, ‘ಮನೆ ಬಿಟ್ಟು ಬಂದವನು’ ಎಂದರೆ ಸಂಶಯ ಹುಟ್ಟುತ್ತದೆ. ತರುಣರ ಮಟ್ಟಿಗೆ ಇಬ್ಬರೂ ಹೆಚ್ಚಾಗಿ ಒಬ್ಬನೇ. ಇಂಗ್ಲೆಂಡಿನಲ್ಲಿ ಪ್ರತಿವರ್ಷ ಶರತ್ಕಾಲದ ಒಂದು ರಾತ್ರಿ ಬೀದಿಯಲ್ಲಿ ಮಲಗಿದವರನ್ನು ಎಣಿಸುತ್ತಾರೆ ಅಥವಾ ಅಂದಾಜು ಮಾಡುತ್ತಾರೆ. ಗೆಳೆಯರ ಮನೆಯ ಸೋಫಾದ ಮೇಲೆ ಮಲಗಿದವನು ಆ ಎಣಿಕೆಗೆ ಸಿಕ್ಕುವುದಿಲ್ಲ; ಭಯದಿಂದ ಯಾರ ಕಣ್ಣಿಗೂ ಬೀಳದೆ ರಾತ್ರಿ ಕಳೆಯುವ ತರುಣಿಯೂ ಸಿಕ್ಕುವುದಿಲ್ಲ. ಪೌರಸಂಸ್ಥೆಗೆ ಅರ್ಜಿ ಕೊಟ್ಟವರ ಲೆಕ್ಕ ಬೇರೆ. 1977ರ ಕಾನೂನಿನಲ್ಲಿ ವಸತಿಯ ಹೊಣೆ ಮುಖ್ಯವಾಗಿ ಮಕ್ಕಳುಳ್ಳ ಕುಟುಂಬಗಳು, ಗರ್ಭಿಣಿಯರು, ದುರ್ಬಲರು ಇವರಿಗೆ ಸಂಬಂಧಿಸಿತ್ತು. 16-17 ವರ್ಷದವರನ್ನೂ, ಸರ್ಕಾರದ ಪಾಲನೆಯಲ್ಲಿ ಬೆಳೆದ 18ರಿಂದ 20ರವರನ್ನೂ ಆ ವರ್ಗಕ್ಕೆ ಸೇರಿಸಿದ್ದು 2002ರಲ್ಲಿ. ಅರ್ಹರಾದ ಒಂಟಿ ವ್ಯಕ್ತಿಗಳಿಗೂ ನೆಲೆ ತಪ್ಪದಂತೆ ನೆರವಾಗುವ ಹೊಣೆ ಪೌರಸಂಸ್ಥೆಗಳ ಮೇಲೆ ಬಿದ್ದದ್ದು 2018ರ ಏಪ್ರಿಲಿನಿಂದ. ಅದಕ್ಕೂ ಹಿಂದೆ ಅರ್ಜಿ ಕೊಟ್ಟು ಪ್ರಯೋಜನವಿಲ್ಲವೆಂದು ಬಲ್ಲವನು ಕೊಡಲೇ ಇಲ್ಲ. ಆದುದರಿಂದ ಅರ್ಜಿಗಳ ಸಂಖ್ಯೆ ಏರಿದರೆ ಕಷ್ಟವೇ ಏರಿತೆಂದು ತೀರ್ಮಾನಿಸಲಾಗದು. ಕಿಟಕಿ ತೆರೆಯಿತೆಂದೂ ಇರಬಹುದು.

2021ರ ಜೂನ್ ತಿಂಗಳಿನಲ್ಲಿ ಆದ ಒಂದು ಬದಲಾವಣೆ ಈ ಮಾತಿಗೆ ನಿದರ್ಶನ. ಪಾಲನೆಯಿಂದ ಹೊರಬಂದವರಿಗೆ 25 ವರ್ಷದವರೆಗೂ, ನೆಲೆಯಿಲ್ಲದವರ ಹಾಸ್ಟೆಲಿನಲ್ಲಿ ಒಟ್ಟು ಮೂರು ತಿಂಗಳಾದರೂ ಇದ್ದು ಅಲ್ಲಿಯ ನೆರವನ್ನು ಸ್ವೀಕರಿಸಿದ ತರುಣರಿಗೂ ಒಂದು ಕೋಣೆಯ ಮಿತಿಯಿಂದ ವಿನಾಯಿತಿ ದೊರೆಯಿತು. ಅಂಥವರು ಸ್ವತಂತ್ರವಾದ ಸಣ್ಣ ಮನೆಯ ದರದಲ್ಲಿ ನೆರವು ಪಡೆಯಬಹುದು. ಗಟ್ಟಿಯಾದ ಹೆಜ್ಜೆ, ಸಂದೇಹವಿಲ್ಲ. ಆದರೆ ಹಾಸ್ಟೆಲಿನಲ್ಲಿ ಹಾಸಿಗೆ ಸಿಕ್ಕದೆ ಗೆಳೆಯರ ಮನೆಗಳಲ್ಲಿಯೇ ಒಂದು ವರ್ಷ ಅಲೆದವನ ಗತಿಯೇನು? ವಸತಿ ಕಾನೂನಿನ ದೃಷ್ಟಿಯಲ್ಲಿ ಅವನೂ ನೆಲೆಯಿಲ್ಲದವನೆನಿಸಬಲ್ಲನು. ಭತ್ಯೆಯ ನಿಯಮದ ದೃಷ್ಟಿಯಲ್ಲಿ ಅವನ ಒಂದು ವರ್ಷಕ್ಕೆ ಬೆಲೆಯಿಲ್ಲ. ಒಂದೇ ದೇಶದ ಎರಡು ಪುಸ್ತಕಗಳಲ್ಲಿ ಒಬ್ಬನೇ ಮನುಷ್ಯನಿಗೆ ಎರಡು ಲಕ್ಷಣಗಳು. ಸಂಶೋಧಕನು ಹಾಸ್ಟೆಲುಗಳಿಗೆ ಮಾತ್ರ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬಂದರೆ, ಅವನೂ ಈ ಭತ್ಯೆಯ ಗುಮಾಸ್ತನ ತಪ್ಪನ್ನೇ ಮಾಡಿದಂತಾಗುತ್ತದೆ.

ಹಾಸ್ಟೆಲಿನ ಮುಂದಿನ ಮೆಟ್ಟಿಲನ್ನು ಕುರಿತು ಎರಡು ಮಾತು. ಫ್ರಾನ್ಸಿನಲ್ಲಿ ಎರಡನೆಯ ಮಹಾಯುದ್ಧದ ಅನಂತರ ಪಟ್ಟಣಕ್ಕೆ ದುಡಿಯಲು ಬಂದ ಎಳೆಯರಿಗಾಗಿ ಬೆಳೆದ ‘ಫ್ವಾಯೆ’ ಎಂಬ ವಸತಿಗೃಹಗಳನ್ನು ಬ್ರಿಟನ್ನು 1992ರಿಂದ ಅನುಸರಿಸಿತು. ವಸತಿಯೂ ಕೆಲಸದ ತರಬೇತಿಯೂ ಒಂದೇ ಸೂರಿನಡಿಯಲ್ಲಿ ದೊರೆಯುತ್ತವೆ. ಇವುಗಳಿಂದ ಹೊರಬಂದವರು ಚೆನ್ನಾಗಿದ್ದಾರೆಂದರೆ ಅದು ವಸತಿಗೃಹದ ಗುಣವೋ, ಒಳ್ಳೆಯವರನ್ನು ಆರಿಸಿ ಒಳಗೆ ಬಿಟ್ಟುದರ ಫಲವೋ ಎಂಬುದನ್ನು ಬಿಡಿಸುವುದು ಕಷ್ಟ. ಚೀಟಿ ಎತ್ತಿದಂತೆ ಜನರನ್ನು ಎರಡು ಪಂಗಡ ಮಾಡಿ ನಡೆಸಿದ ಪರೀಕ್ಷೆಯು ಕೆನಡಾದ ಐದು ನಗರಗಳಲ್ಲಿ 2009ರಿಂದ 2013ರವರೆಗೆ ಆಯಿತು. ಮಾನಸಿಕ ಅಸ್ವಾಸ್ಥ್ಯವುಳ್ಳ, ನೆಲೆಯಿಲ್ಲದ ವ್ಯಕ್ತಿಗಳಿಗೆ ಯಾವ ಷರತ್ತೂ ಇಲ್ಲದೆ ಮೊದಲು ಮನೆ ಕೊಟ್ಟು, ಅವರ ವರಮಾನದ ನೂರಕ್ಕೆ 30ನ್ನು ಮೀರಿದ ಬಾಡಿಗೆಯನ್ನು ಯೋಜನೆಯೇ ತುಂಬಿಕೊಟ್ಟಿತು. ಅವರಲ್ಲಿ 18ರಿಂದ 24ರ ವಯಸ್ಸಿನವರು 156 ಮಂದಿ. ಮನೆ ಪಡೆದ ಪಂಗಡದವರು ಸುಮಾರು ನೂರಕ್ಕೆ 65ರಷ್ಟು ದಿನಗಳನ್ನು ಸ್ಥಿರವಾದ ವಸತಿಯಲ್ಲಿ ಕಳೆದರು. ಉಳಿದವರು ಸುಮಾರು 31ರಷ್ಟನ್ನು. ಬಾಡಿಗೆಯ ಕೊರತೆಯನ್ನು ತುಂಬಿದರೆ ತರುಣನು ಮನೆಯಲ್ಲಿ ನಿಲ್ಲಬಲ್ಲನೆಂಬುದಕ್ಕೆ ಇದಕ್ಕಿಂತ ಬಲವಾದ ಆಧಾರವನ್ನು ನಾನು ಕಂಡಿಲ್ಲ.

ನಮ್ಮಲ್ಲಿ ಈ ಪ್ರಶ್ನೆಗೆ ಬೇರೆ ಬಟ್ಟೆ, ದೇಹ ಅದೇ. 2011ರ ಜನಗಣತಿಯು ಬೀದಿಬದಿ, ಮೇಲ್ಸೇತುವೆಯ ಅಡಿ, ರೈಲ್ವೆ ಪ್ಲಾಟ್‌ಫಾರಂ, ದೇವಸ್ಥಾನದ ಮಂಟಪ ಮುಂತಾದೆಡೆ ಮಲಗಿದವರನ್ನು ಮನೆಯಿಲ್ಲದವರೆಂದು ಎಣಿಸಿ, ದೇಶದಲ್ಲಿ ಅಂಥವರು ಸುಮಾರು 17.7 ಲಕ್ಷವೆಂದು ತಿಳಿಸಿತು. ಸ್ನೇಹಿತನ ಕೋಣೆಯಲ್ಲಿ ಚಾಪೆ ಹಾಸಿಕೊಂಡವನು ಇಲ್ಲಿಯೂ ಲೆಕ್ಕದ ಹೊರಗೆ. 2015ರ ಬಾಲನ್ಯಾಯ ಕಾನೂನು ಪಾಲನಾಸಂಸ್ಥೆಯಿಂದ 18 ತುಂಬಿ ಹೊರಬರುವವರಿಗೆ ಹಣದ ನೆರವು ಕೊಡಬಹುದೆನ್ನುತ್ತದೆ. ಅಂಥವನು ಬೆಂಗಳೂರಿನಲ್ಲಿ ಕೋಣೆ ಹುಡುಕಿದರೆ ಮೊದಲು ಎದುರಾಗುವುದು ತಿಂಗಳ ಬಾಡಿಗೆಯಲ್ಲ. ಹಲವು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಇಡಬೇಕಾದ ‘ಅಡ್ವಾನ್ಸು’. 2021ರ ಮಾದರಿ ಬಾಡಿಗೆ ಕಾನೂನು ವಾಸದ ಮನೆಗಳಿಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿದೆ. ಆದರೆ ಅದು ಮಾದರಿ ಮಾತ್ರ, ರಾಜ್ಯವು ಅಂಗೀಕರಿಸಿದಲ್ಲದೆ ಯಾರನ್ನೂ ಕಟ್ಟುವುದಿಲ್ಲ.

ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ವಿಷಯವನ್ನು ಪ್ರಬಂಧಕ್ಕೆ ಆರಿಸಿಕೊಳ್ಳುವುದಾದರೆ, ‘ನಿಮಗೆ ಮನೆ ಇದೆಯೆ?’ ಎಂದು ಕೇಳುವುದನ್ನು ಬಿಟ್ಟು, ಸಂಸ್ಥೆಯಿಂದ ಹೊರಬಂದ ದಿನದಿಂದ ಒಂದೊಂದು ತಿಂಗಳೂ ಎಲ್ಲಿ ಮಲಗಿದರು, ಅಲ್ಲಿಗೆ ಎಷ್ಟು ಹಣ ಕೊಟ್ಟರು, ಅಡ್ವಾನ್ಸು ಯಾರಿಂದ ತಂದರು, ಮನೆಯೊಡೆಯನು ಯಾರ ಹೆಸರು ಕೇಳಿದನು ಎಂದು ವಿಚಾರಿಸಿ ಬರೆದುಕೊಳ್ಳುವುದು ಮೇಲು. ಇಪ್ಪತ್ತು ಮಂದಿಯ ಇಂಥ ಎರಡು ವರ್ಷದ ಲೆಕ್ಕ ಸಿಕ್ಕಿದರೂ ಸಾಕು. ಉತ್ತರ ಕೊಡುವವರಿಗೆ ಅವರ ವೇಳೆಗಾಗಿ ತಕ್ಕಷ್ಟು ಹಣ ಕೊಡಬೇಕು. ಅವರ ಹೆಸರನ್ನೂ ಮಲಗಿದ ಸ್ಥಳವನ್ನೂ ಗುಟ್ಟಾಗಿಡಬೇಕು, ಏಕೆಂದರೆ ಆಶ್ರಯ ಕೊಟ್ಟ ಗೆಳೆಯನೂ ಬಾಡಿಗೆದಾರನೇ. ಅವನ ಮನೆಯೊಡೆಯನಿಗೆ ಈ ಸಂಗತಿ ತಿಳಿದಿರದು.