ಮಾಲಿನ ಅಂಗಳದಲ್ಲಿ ಚಿಮಣಿ ಏಕಿದೆ? – ಲೋವರ್ ಪರೇಲ್‌ನ ಕಥೆ



ಕಳೆದ ತಿಂಗಳ ಫೋನ್-ಇನ್ ಕಾರ್ಯಕ್ರಮದಲ್ಲಿ ಡೊಂಬಿವಲಿಯಿಂದ ಕಾಲೇಜು ಹುಡುಗಿಯೊಬ್ಬಳು ಕರೆ ಮಾಡಿ ಕೇಳಿದಳು: "ಮೇಡಂ, ಲೋವರ್ ಪರೇಲ್‌ನ ಫೀನಿಕ್ಸ್ ಮಾಲಿನ ಅಂಗಳದಲ್ಲಿ ಅಷ್ಟೆತ್ತರದ ಚಿಮಣಿ ಇದೆಯಲ್ಲ, ಅದು ಡೆಕೋರೇಷನ್ನಾ?" ನಾನು ಉತ್ತರ ಹುಡುಕುವಷ್ಟರಲ್ಲಿ ಮೀರಾ ರೋಡಿನಿಂದ ಹಿರಿಯರೊಬ್ಬರ ಕರೆ ಬಂತು. ಉಡುಪಿ ಕಡೆಯವರು. ಹುಡುಗರಾಗಿದ್ದಾಗ ಆ ಭಾಗದ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರಂತೆ. "ಡೆಕೋರೇಷನ್ ಅಲ್ಲ ಮಾರಾಯ್ರೆ! ಆ ಮಿಲ್ಲುಗಳ ಭೋಂಗಾ ಕೇಳಿಯೇ ನಾವು ಚಹಾಕ್ಕೆ ನೀರು ಇಡುತ್ತಿದ್ದದ್ದು" ಎಂದರು. ಅಷ್ಟರಲ್ಲಿ ನಮ್ಮ ಸಮಯ ಮುಗಿಯಿತು, ಹಾಡು ಹಾಕಬೇಕಾಯಿತು. ಆವತ್ತು ಅರ್ಧಕ್ಕೇ ನಿಂತ ಮಾತನ್ನು ಇಲ್ಲಿ ಮುಂದುವರಿಸುತ್ತಿದ್ದೇನೆ.

ಗಿರಣಿಗಳ ಊರು

ಮರಾಠಿಯಲ್ಲಿ ಈ ಪ್ರದೇಶಕ್ಕೆ 'ಗಿರಣಗಾಂವ್' ಎಂದು ಹೆಸರು. ನಮಗೆ ಇದನ್ನು ಯಾರೂ ಅನುವಾದಿಸಿ ಹೇಳಬೇಕಾಗಿಲ್ಲ. ಗಿರಣಿ ನಮ್ಮದೂ ಹೌದು, ಗಾಂವ್ ಎಂದರೆ ಊರು. ಪರೇಲ್, ಲಾಲ್‌ಬಾಗ್, ಲೋವರ್ ಪರೇಲ್, ವರ್ಲಿ, ಭಾಯಖಳಾ, ಶಿವಡಿ... ಇಷ್ಟೂ ಸೇರಿ ಗಿರಣಗಾಂವ್. ಸುಮಾರು 600 ಎಕರೆ ನೆಲ ಬರೀ ಬಟ್ಟೆ ಗಿರಣಿಗಳ ಕೈಯಲ್ಲಿತ್ತು.

ಮುಂಬಯಿಯ ಮೊದಲ ಹತ್ತಿ ಗಿರಣಿಗಾಗಿ ಕಂಪೆನಿ ಕಟ್ಟಿದವರು ಕಾವಸ್‌ಜಿ ನಾನಾಭಾಯಿ ದಾವರ್ ಎಂಬ ಪಾರ್ಸಿ ವ್ಯಾಪಾರಿ. ಅದು 1854ರಲ್ಲಿ. ತಾಡದೇವ್‌ನ ಆ ಗಿರಣಿಯಲ್ಲಿ 1856ರಿಂದ ನೂಲು ತೆಗೆಯಲು ಶುರುವಾಯಿತು. ಬೋರಿಬಂದರಿನಿಂದ ಠಾಣೆಗೆ ರೈಲು ಓಡಿದ್ದು ಇದಕ್ಕೆ ಸ್ವಲ್ಪ ಮುಂಚೆ, 1853ರಲ್ಲಿ. ರೈಲು, ಬಂದರು, ಹತ್ತಿ ಮೂರೂ ಒಂದೇ ಊರಿನಲ್ಲಿ ಕೂಡಿಬಂದವು.

ಹತ್ತಿಯ ವಿಷಯದಲ್ಲಿ ನಮ್ಮ ನಾಡಿನ ನಂಟೂ ಇದೆ. ಧಾರವಾಡ ಸೀಮೆ ಆಗ ಮುಂಬಯಿ ಪ್ರಾಂತ್ಯದ ಭಾಗ. 1840ರ ದಶಕದಲ್ಲೇ ಅಲ್ಲಿ ಅಮೆರಿಕದ ತಳಿಯ ಹತ್ತಿ ಬೆಳೆಸುವ ಪ್ರಯತ್ನ ನಡೆದಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿಗೆ ಅಲ್ಲಿನ ಹತ್ತಿ ಬರುವುದು ನಿಂತಾಗ, ಧಾರವಾಡದ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಅದನ್ನು ಹಡಗಿಗೆ ಏರಿಸಲು ಕಾರವಾರ ಬಂದರನ್ನು ಬೆಳೆಸಬೇಕೆಂದು ಬ್ರಿಟಿಷ್ ಬಟ್ಟೆ ಉದ್ಯಮಿಗಳು ಒತ್ತಾಯ ಹಾಕಿದರು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸು ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕಾಚಾರವಿತ್ತು! ಆ ನಾಲ್ಕು ವರ್ಷಗಳಲ್ಲಿ ಮುಂಬಯಿಗೆ ಹರಿದು ಬಂದ ಹಣದಿಂದ ಊರಿನ ಚಹರೆಯೇ ಬದಲಾಯಿತು. ಮುಂದಿನ ದಶಕಗಳಲ್ಲಿ ಒಂದರ ಹಿಂದೆ ಒಂದು ಗಿರಣಿ ಎದ್ದಿತು. ಲೋವರ್ ಪರೇಲ್‌ನ ಫೀನಿಕ್ಸ್ ಮಿಲ್ಸ್ ಕಂಪೆನಿ ಸ್ಥಾಪನೆಯಾದದ್ದು 1905ರಲ್ಲಿ. ಮಾಲಿನ ಅಂಗಳದ ಚಿಮಣಿ ಆ ಗಿರಣಿಯದು.

ಭೋಂಗಾದ ಗಡಿಯಾರ

ಕೆಲಸಗಾರರು ಹೆಚ್ಚಾಗಿ ಕೊಂಕಣದ ರತ್ನಾಗಿರಿಯಿಂದ, ಘಟ್ಟದ ಮೇಲಿನ ಸಾತಾರಾ ಕಡೆಯಿಂದ ಬಂದವರು. ತೆಲಂಗಾಣದ ನೇಕಾರ ಪದ್ಮಶಾಲಿಗಳು, ಉತ್ತರ ಪ್ರದೇಶದವರು, ಕರಾವಳಿಯ ನಮ್ಮವರೂ ಇದ್ದರು. ವಾಸಕ್ಕೆ ಚಾಳು. ಸರಕಾರವೇ 1920ರ ದಶಕದಲ್ಲಿ ಕಟ್ಟಿಸಿದ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಕೋಣೆ ಎಂದರೆ 160 ಚದರ ಅಡಿ. ಸಂಸಾರ ಊರಿನಲ್ಲಿ ಬಿಟ್ಟುಬಂದ ಗಂಡಸರು ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಇರುತ್ತಿದ್ದರು. ಒಬ್ಬ ಪಾಳಿಗೆ ಹೋದಾಗ ಅವನ ಚಾಪೆಯ ಜಾಗದಲ್ಲಿ ಇನ್ನೊಬ್ಬ ಮಲಗುತ್ತಿದ್ದ. ಊಟಕ್ಕೆ ಖಾನಾವಳಿ, ಅದೂ ಹೆಂಗಸರು ಮನೆಯಲ್ಲೇ ನಡೆಸುತ್ತಿದ್ದದ್ದು. ಹುಬ್ಬಳ್ಳಿ-ಧಾರವಾಡದವರಿಗೆ ಖಾನಾವಳಿ ಎಂದರೆ ಏನೆಂದು ಹೇಳಬೇಕೇ?

ಇಲ್ಲಿ ಒಂದು ಸಂಗತಿ ನೆನಪಿಡಬೇಕು. ಇವರೆಲ್ಲ ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ಭೋಂಗಾ ಕೂಗಿದರೆ ಚಾಳಿನಿಂದ ಇಳಿದು ಗಿರಣಿಯ ಗೇಟು ಸೇರಲು ಕೆಲವು ನಿಮಿಷ ಸಾಕಾಗಿತ್ತು. ಲೋವರ್ ಪರೇಲ್, ಕರಿ ರೋಡ್, ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣಗಳು ಚಿಕ್ಕವು, ಅವುಗಳ ಮೆಟ್ಟಿಲುಗಳು ಇಕ್ಕಟ್ಟಿನವು. ಆದರೂ ನಡೆದುಹೋಗುವವರ ಊರಿಗೆ ಅಷ್ಟು ಸಾಕಾಗಿತ್ತು.

ಈ ಜನ ಬರೀ ನೂಲು ತೆಗೆದವರಲ್ಲ. ಭಾನುವಾರ ನಾವು ಮಾಲಿಗೆ ಹೋಗುತ್ತೇವಲ್ಲ, ಆ ವಾರದ ರಜೆಗೂ ಇಲ್ಲಿನ ಗಿರಣಿಗಳಿಗೂ ಸಂಬಂಧವಿದೆ. ನಾರಾಯಣ ಮೇಘಾಜಿ ಲೋಖಂಡೆ ಎಂಬವರು ಗಿರಣಿ ಕಾರ್ಮಿಕರನ್ನು ಸಂಘಟಿಸಿ ವರ್ಷಗಟ್ಟಲೆ ಕೇಳಿದ ಮೇಲೆ, 1890ರಲ್ಲಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1908ರಲ್ಲಿ ಲೋಕಮಾನ್ಯ ತಿಲಕರಿಗೆ ಆರು ವರ್ಷ ಶಿಕ್ಷೆಯಾದಾಗ ಇದೇ ಕಾರ್ಮಿಕರು ಆರು ದಿನ ಗಿರಣಿ ನಿಲ್ಲಿಸಿದರು.

1982ರ ಜನವರಿ 18

ಸ್ವಾತಂತ್ರ್ಯದ ನಂತರ ಗಿರಣಿಗಳು ಹಳತಾದವು. ಅನೇಕ ಮಾಲೀಕರು ಹೊಸ ಯಂತ್ರಗಳಿಗೆ ಹಣ ಹಾಕಲಿಲ್ಲ. ಭಿವಂಡಿ, ಇಚಲಕರಂಜಿಯ ಪವರ್‌ಲೂಮ್‌ಗಳು ಕಡಿಮೆ ಕೂಲಿಯಲ್ಲಿ ಬಟ್ಟೆ ನೇಯತೊಡಗಿದವು. ಇತ್ತ ಕಾರ್ಮಿಕರಿಗೆ ಎರಡು ದೊಡ್ಡ ತೊಂದರೆಗಳಿದ್ದವು. ಒಂದು, 'ಬದಲಿ' ಪದ್ಧತಿ. ಬದಲಿ ಕೆಲಸಗಾರ ದಿನಾ ಗೇಟಿನಲ್ಲಿ ನಿಲ್ಲಬೇಕು, ಯಾರಾದರೂ ಕಾಯಂ ಕೆಲಸಗಾರ ಬಾರದಿದ್ದರೆ ಅವನಿಗೆ ಆ ದಿನದ ಕೆಲಸ. ಹೀಗೇ ವರ್ಷಗಳು ಕಳೆಯುತ್ತಿದ್ದವು. ಇನ್ನೊಂದು, 1946ರ ಮುಂಬಯಿ ಕೈಗಾರಿಕಾ ಸಂಬಂಧ ಕಾಯಿದೆ. ಅದರ ಪ್ರಕಾರ ಮಾನ್ಯತೆ ಪಡೆದ ಒಂದೇ ಸಂಘಕ್ಕೆ ಮಾಲೀಕರೊಡನೆ ಮಾತಾಡುವ ಹಕ್ಕು. ಆ ಸಂಘದ ಮೇಲೆ ಬಹಳ ಜನರಿಗೆ ನಂಬಿಕೆ ಉಳಿದಿರಲಿಲ್ಲ.

ಅವರು ಡಾ. ದತ್ತಾ ಸಾಮಂತರ ಬಳಿ ಹೋದರು. 1982ರ ಜನವರಿ 18ರಂದು ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಮಂದಿ ಕೆಲಸ ನಿಲ್ಲಿಸಿದರು. ಒಂದು ವರ್ಷ ದಾಟಿತು, ಒಪ್ಪಂದವಾಗಲಿಲ್ಲ. ಮುಷ್ಕರ ಮುಗಿಯಿತೆಂದು ಯಾರೂ ವಿಧಿಯುಕ್ತವಾಗಿ ಘೋಷಿಸಲೂ ಇಲ್ಲ. ಒಂದೂವರೆ ಲಕ್ಷದಷ್ಟು ಮಂದಿಗೆ ಕೆಲಸ ಮರಳಿ ಸಿಗಲಿಲ್ಲ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ದತ್ತಾ ಸಾಮಂತರ ಕೊಲೆಯಾದದ್ದು 1997ರ ಜನವರಿಯಲ್ಲಿ.

ಮೀರಾ ರೋಡಿನ ಹಿರಿಯರಿಗೆ ನಾನು ಆಮೇಲೆ ಫೋನ್ ಮಾಡಿದ್ದೆ. ಮುಷ್ಕರದ ದಿನಗಳು ಹೇಗಿದ್ದವು ಎಂದು ಕೇಳಿದೆ. "ನಮ್ಮಲ್ಲಿ ಉದ್ರಿ ಪುಸ್ತಕ ಇತ್ತು ಮೇಡಂ. ಸಂಬಳದ ದಿನ ಬಂದು ಲೆಕ್ಕ ತೀರಿಸುವ ಜನ. ಮೊದಲ ಎರಡು ತಿಂಗಳು ಧಣಿಗಳು ಬರೆದುಕೊಂಡೇ ಚಹಾ ಕೊಟ್ಟರು. ಆಮೇಲೆ ಅವರೇ ಬರುವುದು ನಿಲ್ಲಿಸಿದರು. ಕೊಡಲು ಹಣವಿಲ್ಲದೆ ನಾಚಿಕೆಯಿಂದ ಆಚೆ ರಸ್ತೆಯಲ್ಲಿ ಹೋಗುತ್ತಿದ್ದರು. ಅವರು ಊರಿಗೆ ಹೋದರೋ ಏನಾದರೋ, ಪುಸ್ತಕ ಹಾಗೇ ಉಳಿಯಿತು" ಎಂದರು. ಆ ಹೋಟೆಲೂ ಮುಂದೆ ಮುಚ್ಚಿತಂತೆ.

ಮೂರರಲ್ಲಿ ಒಂದು ಪಾಲು

ಗಿರಣಿ ನಿಂತರೂ ನೆಲ ಇತ್ತಲ್ಲ! ನಗರದ ನಡುಮಧ್ಯೆ 600 ಎಕರೆ. ಅದನ್ನು ಏನು ಮಾಡುವುದು?

1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳಲ್ಲಿ 58ನೆಯ ನಿಯಮ ಇದಕ್ಕೆ ಉತ್ತರ ಕೊಟ್ಟಿತ್ತು. ಗಿರಣಿ ನೆಲವನ್ನು ಹೊಸದಾಗಿ ಬೆಳೆಸುವುದಾದರೆ ಸರಿಸುಮಾರು ಮೂರು ಪಾಲು. ಒಂದು ಪಾಲು ಉದ್ಯಾನ, ಮೈದಾನಗಳಿಗೆಂದು ನಗರಪಾಲಿಕೆಗೆ, ಒಂದು ಪಾಲು ಸಾಮಾನ್ಯರ ಮನೆಗಳಿಗೆಂದು ಮ್ಹಾಡಾಕ್ಕೆ, ಉಳಿದದ್ದು ಮಾಲೀಕರಿಗೆ. ಒಟ್ಟು ನೆಲಕ್ಕೆ ಈ ಲೆಕ್ಕ ಹಾಕಿದರೆ ಮೈದಾನಗಳಿಗೆ 200 ಎಕರೆ, ಮನೆಗಳಿಗೆ 200 ಎಕರೆ. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಅಧ್ಯಕ್ಷತೆಯ ಅಧ್ಯಯನ ತಂಡ ಇನ್ನೂ ಮುಂದೆ ಹೋಗಿ, ಬಿಡಿಬಿಡಿ ಗಿರಣಿಗಳ ನೆಲವನ್ನು ಒಟ್ಟಾಗಿ ನೋಡಿ ಯೋಜನೆ ಮಾಡಿ ಎಂದಿತು. ಪರೇಲ್ ಮತ್ತು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣಗಳ ಹೊರಗೆ ಜನ ಓಡಾಡಲು ವಿಶಾಲವಾದ ಚೌಕ ಬೇಕು ಎಂಬುದೂ ಆ ಸಲಹೆಗಳಲ್ಲಿ ಸೇರಿತ್ತು. ಅದು ಕಾಗದದಲ್ಲೇ ಉಳಿಯಿತು.

2001ರಲ್ಲಿ ನಿಯಮ ಬದಲಾಯಿತು. ಇಡೀ ನೆಲವನ್ನಲ್ಲ, ಕಟ್ಟಡವಿಲ್ಲದೆ ಖಾಲಿ ಬಿದ್ದಿರುವ ನೆಲವನ್ನು ಮಾತ್ರ ಹಂಚಿದರೆ ಸಾಕು ಎಂದಾಯಿತು. ಗಿರಣಿ ಎಂದರೆ ಉದ್ದಕ್ಕೂ ಶೆಡ್ಡು, ಗೋದಾಮು. ಖಾಲಿ ನೆಲ ಎಷ್ಟಿರುತ್ತದೆ ಹೇಳಿ? ಪಾಲಿಕೆಗೂ ಮನೆಗಳಿಗೂ ಸಿಗಬೇಕಾಗಿದ್ದ ಪಾಲು ತೀರಾ ಕುಗ್ಗಿತು. ಪರಿಸರ ಸಂಘಟನೆಯೊಂದು ಕೋರ್ಟಿಗೆ ಹೋಯಿತು. 2005ರ ಅಕ್ಟೋಬರ್‌ನಲ್ಲಿ ಮುಂಬಯಿ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟರೆ, 2006ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ 2001ರ ತಿದ್ದುಪಡಿಯನ್ನೇ ಎತ್ತಿಹಿಡಿಯಿತು.

ನೆಲದ ಬೆಲೆ ಎಷ್ಟಿತ್ತು ಎನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಲೋವರ್ ಪರೇಲ್‌ನ ಮುಂಬಯಿ ಟೆಕ್ಸ್‌ಟೈಲ್ ಮಿಲ್‌ನ ಸುಮಾರು 17 ಎಕರೆಯನ್ನು 2005ರಲ್ಲಿ ಡಿ.ಎಲ್.ಎಫ್. ಕಂಪೆನಿ 702 ಕೋಟಿ ರೂಪಾಯಿಗೆ ಕೊಂಡಿತು. 2012ರಲ್ಲಿ ಅದೇ ನೆಲ ಲೋಢಾ ಕಂಪೆನಿಗೆ ಹೋಯಿತು, 2,727 ಕೋಟಿಗೆ!

ಮಾಲು ಬಂದ ಬಗೆ

ಮುಂಬಯಿಯ ಮೊದಲ ಮಾಲ್ ಎಂದು ಹೆಸರಾದದ್ದು 1999ರಲ್ಲಿ ಹಾಜಿ ಅಲಿ ಬಳಿ ತೆರೆದ ಕ್ರಾಸ್‌ರೋಡ್ಸ್. ಆರಂಭದ ದಿನಗಳಲ್ಲಿ ಅಲ್ಲಿ ಮೊಬೈಲ್ ಫೋನ್ ಇಲ್ಲವೇ ಕ್ರೆಡಿಟ್ ಕಾರ್ಡ್ ತೋರಿಸದವರು ಪ್ರವೇಶ ಶುಲ್ಕ ಕೊಡಬೇಕಿತ್ತು. ಆ ಮಾಲ್ ಈಗಿಲ್ಲ.

ಫೀನಿಕ್ಸ್ ಹಾಗೆ ಒಮ್ಮೆಗೇ ಎದ್ದ ಮಾಲ್ ಅಲ್ಲ. 1990ರ ದಶಕದ ಕೊನೆಗೆ ಗಿರಣಿಯ ಆವರಣದಲ್ಲಿ ಬೌಲಿಂಗ್ ಆಟದ ಕೇಂದ್ರ ಬಂತು, ಬಳಿಕ ಬಿಗ್ ಬಜಾರ್, ಅಂಗಡಿ ಸಾಲುಗಳು. ಹಳೆಯ ಶೆಡ್ಡುಗಳ ನಡುವೆ ಹೈ ಸ್ಟ್ರೀಟ್ ಫೀನಿಕ್ಸ್ ಬೆಳೆಯಿತು. ಬಿಗ್ ಬಜಾರ್‌ನ ಅಗ್ಗದ ಮಾರಾಟದ ದಿನಗಳಲ್ಲಿ ಅಕ್ಕಿ, ಬಕೆಟ್ಟು ಹೊತ್ತುಕೊಂಡು ಲೋಕಲ್ ರೈಲು ಹತ್ತಿದ ನೆನಪು ನಿಮ್ಮಲ್ಲೂ ಹಲವರಿಗೆ ಇರಬೇಕು. ಬಳಿಕ ವಿದೇಶಿ ಬ್ರಾಂಡುಗಳ ಪಲಾಡಿಯಂ, ಪಂಚತಾರಾ ಹೋಟೆಲು ಬಂದವು. ಬಿಗ್ ಬಜಾರ್ ಎಂಬ ಹೆಸರು ಈಗ ಇಲ್ಲ, ಮಾಲಿನ ಹೆಸರೂ ಫೀನಿಕ್ಸ್ ಪಲಾಡಿಯಂ ಎಂದಾಗಿದೆ.

ಸುತ್ತಲಿನ ಗಿರಣಿಗಳೂ ಇದೇ ದಾರಿ ಹಿಡಿದವು. ಕಮಲಾ ಮಿಲ್ಸ್, ತೋಡಿ ಮಿಲ್ಸ್, ಮಥುರಾದಾಸ್ ಮಿಲ್ಸ್... ಹೆಸರಿನಲ್ಲಿ ಮಿಲ್ಸ್, ಒಳಗೆ ಕಚೇರಿ, ಸ್ಟುಡಿಯೋ, ಪಬ್ಬು. ನಮ್ಮ ಕೇಳುಗರಲ್ಲಿ ಎಷ್ಟೋ ಮಂದಿಯ ಮಕ್ಕಳು ಅಲ್ಲೇ ಕೆಲಸಕ್ಕಿದ್ದಾರೆ. ಇದನ್ನೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಆದರೆ ಹೊಸ ಕೆಲಸಗಾರರು ನಡೆದು ಬರುವವರಲ್ಲ. ವಿರಾರ್, ಕಲ್ಯಾಣ, ಪನವೇಲ್‌ಗಳಿಂದ ರೈಲಿನಲ್ಲಿ ಬರುವವರು. ಕಟ್ಟಡಗಳು ಎತ್ತರಕ್ಕೆ ಹೋದವು, ಮೆಟ್ಟಿಲುಗಳು ಮಾತ್ರ ಇದ್ದಷ್ಟೇ ಅಗಲ.

2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಮಳೆಗೆ ಜನ ಎಲ್ಫಿನ್‌ಸ್ಟನ್ ರೋಡ್-ಪರೇಲ್ ಪಾದಚಾರಿ ಸೇತುವೆಯ ಮೇಲೆ ಕಿಕ್ಕಿರಿದು ನಿಂತಿದ್ದಾಗ ಕಾಲ್ತುಳಿತವಾಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಕೊರಿಯಾ ತಂಡ ಚೌಕ ಬೇಕು ಎಂದಿದ್ದ ಜಾಗವೇ ಅದು. ಹೊಸ ಸೇತುವೆಯನ್ನು ಸೇನೆಯವರು ಬಂದು ಕಟ್ಟಿಕೊಟ್ಟರು, 2018ರ ಫೆಬ್ರವರಿಯಲ್ಲಿ ಅದು ತೆರೆಯಿತು. ಮೂರೇ ತಿಂಗಳ ಅಂತರದಲ್ಲಿ, 2017ರ ಡಿಸೆಂಬರ್ 29ರಂದು, ಕಮಲಾ ಮಿಲ್ಸ್ ಆವರಣದ ಪಬ್ಬುಗಳಲ್ಲಿ ಬೆಂಕಿ ಬಿದ್ದು 14 ಮಂದಿ ಪ್ರಾಣ ಕಳೆದುಕೊಂಡರು. ಲೋವರ್ ಪರೇಲ್‌ನ ಡಿಲೈಲ್ ಸೇತುವೆಯನ್ನು 2018ರಲ್ಲಿ ಮುಚ್ಚಿದ್ದು, ಪೂರ್ತಿ ತೆರೆಯಲು 2023 ಬರಬೇಕಾಯಿತು.

ಗಿರಣಿ ಕಾರ್ಮಿಕರ ಮನೆಗಳ ಕಥೆ? 2012ರಲ್ಲಿ ಮ್ಹಾಡಾ ಲಾಟರಿ ಎತ್ತಿ 6,925 ಮನೆಗಳನ್ನು ಹಂಚಿತು. 2020ರ ಲಾಟರಿಯಲ್ಲಿ 3,894. ನಡುವೆ ಇನ್ನೊಂದು ಲಾಟರಿಯಾಗಿತ್ತು. ಅರ್ಜಿ ಹಾಕಿದವರು ಒಂದೂವರೆ ಲಕ್ಷದಷ್ಟು. ಕಾಯುತ್ತಲೇ ತೀರಿಕೊಂಡವರ ಅರ್ಜಿಗಳನ್ನು ಈಗ ಮಕ್ಕಳು ಹಿಡಿದುಕೊಂಡು ಓಡಾಡುತ್ತಿದ್ದಾರೆ.

ಪುಣೆ, ಚೆನ್ನೈ, ಬೆಂಗಳೂರಿನಲ್ಲೂ...

ಬೇರೆ ಊರುಗಳ ಮಿತ್ರರು ಇದು ಮುಂಬಯಿಯವರ ಕಥೆ ಎಂದುಕೊಳ್ಳಬೇಡಿ. ಪುಣೆಯ ವಿಮಾನನಗರ, ಚೆನ್ನೈನ ವೇಲಚೇರಿ, ಬೆಂಗಳೂರಿನ ವೈಟ್‌ಫೀಲ್ಡ್‌ಗಳ ಫೀನಿಕ್ಸ್ ಮಾರ್ಕೆಟ್‌ಸಿಟಿಗಳನ್ನು ಕಟ್ಟಿದ್ದು ಇದೇ 1905ರ ಗಿರಣಿ ಕಂಪೆನಿಯ ಬಳಗ. ಬೆಂಗಳೂರಿನಲ್ಲೇ ನೋಡಿ, ಮಲ್ಲೇಶ್ವರದ ಮಂತ್ರಿ ಮಾಲ್ ನಿಂತಿರುವುದು ರಾಜಾ ಮಿಲ್ಲಿನ ನೆಲದಲ್ಲಿ. ಒರಾಯನ್ ಮಾಲ್ ಇರುವಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯಿತ್ತು. ಅಲ್ಲಿ ದುಡಿದವರ ಮನೆಗಳಲ್ಲೂ ಇಂಥ ಕಥೆಗಳಿರುತ್ತವೆ.

ಡೊಂಬಿವಲಿಯ ತಂಗಿಗೆ ನನ್ನ ಉತ್ತರ ಇಷ್ಟು. ಅದು ಡೆಕೋರೇಷನ್ ಅಲ್ಲಮ್ಮ, ಅಲ್ಲೊಂದು ಊರು ದುಡಿಯುತ್ತಿತ್ತು ಎಂಬುದಕ್ಕೆ ಉಳಿದಿರುವ ಗುರುತು. ಮುಂದಿನ ಸಲ ಹೋದಾಗ ಅದರ ಕೆಳಗೆ ನಿಂತು ಒಮ್ಮೆ ಕತ್ತೆತ್ತಿ ನೋಡು. ಸಮಯವಿದ್ದರೆ ಹೊರಗೆ ಬಂದು ಹಳೆಯ ಚಾಳುಗಳ ಕಡೆಗೂ ಒಂದು ಸುತ್ತು ಹಾಕು. ಅವೂ ಒಂದೊಂದಾಗಿ ಹೋಗುತ್ತಿವೆ.

ನಿಮ್ಮಲ್ಲಿ ಯಾರಾದರೂ ಗಿರಣಿಯಲ್ಲಿ, ಗಿರಣಿ ಪಕ್ಕದ ಹೋಟೆಲಿನಲ್ಲಿ, ಖಾನಾವಳಿಯಲ್ಲಿ ಕೆಲಸ ಮಾಡಿದ್ದರೆ, ಅಥವಾ ನಿಮ್ಮ ಅಪ್ಪ, ಅಜ್ಜ ಹೇಳಿದ್ದು ನೆನಪಿದ್ದರೆ ನಮಗೆ ಬರೆದು ಕಳಿಸಿ. ಅಕ್ಷರ ಚೆನ್ನಾಗಿಲ್ಲ ಎಂದು ಸಂಕೋಚ ಬೇಡ. ಕಾರ್ಯಕ್ರಮದಲ್ಲಿ ನಾನೇ ಓದುತ್ತೇನೆ.

ಮತ್ತೆ ಭೇಟಿಯಾಗೋಣ. ಕೇಳುತ್ತಿರಿ.