ಮಧ್ಯಾಹ್ನದ ಅರ್ಧ ತಾಸು

ಸಂಸಾರದ ಹೆಂಗಸಿಗೆ ಓದಲು ವೇಳೆ ಎಲ್ಲಿಂದ ಬರಬೇಕು ಎಂದು ಕೇಳುವವರೇ ಬಹಳ. ವೇಳೆ ತಾನಾಗಿ ಬರುವುದಿಲ್ಲ, ಹಾಲಿನ ಮೇಲಿನ ಕೆನೆಯಂತೆ ದಿನಾ ಇಷ್ಟಿಷ್ಟು ತೆಗೆದಿಡಬೇಕು. 2025ರಲ್ಲಿ ಮುಸುರೆ ತಿಕ್ಕಿಯಾದ ಮೇಲಿನ ಅರ್ಧ ತಾಸನ್ನು ನಾನು ಹೀಗೆ ತೆಗೆದಿಟ್ಟೆ. ವರ್ಷ ತುಂಬುವಾಗ ಹನ್ನೊಂದು ಪುಸ್ತಕಗಳಾಗಿದ್ದವು.

ಪುಸ್ತಕಕ್ಕೆ ಖಾನಾಪುರದಿಂದ ಬೆಳಗಾವಿಗೆ ಹೋಗಬೇಕು. 2023ರ ಜೂನಿನಲ್ಲಿ ‘ಶಕ್ತಿ’ ಯೋಜನೆ ಬಂದ ಮೇಲೆ ನಮಗೆ ಬಸ್ಸಿನ ಖರ್ಚಿಲ್ಲ. ಉಳಿದ ದುಡ್ಡು ಪುಸ್ತಕಕ್ಕಾಯಿತು.

ಮೊದಲು ಓದಿದ್ದು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’. 1976ರ ಕಾದಂಬರಿ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ, ಅವರಿಗೆ ನಲವತ್ತೈದು ದಾಟಿದ ಮೇಲೆ! ವಯಸ್ಸಾಯಿತು ಎನ್ನುವ ನಮ್ಮಂಥವರಿಗೆ ಇದೊಂದು ಧೈರ್ಯ.

ನಂತರ ತ್ರಿವೇಣಿಯವರ ‘ಶರಪಂಜರ’. ಮನಸ್ಸಿನ ಕಾಯಿಲೆ ಗುಣವಾಗಿ ಮನೆಗೆ ಬಂದವಳನ್ನು ಮನೆಯವರ ಸಂಶಯವೇ ಮತ್ತೆ ಹೇಗೆ ಕೆಡವುತ್ತದೆ ಎಂಬುದನ್ನು ಓದಿ ಎರಡು ದಿನ ಊಟ ರುಚಿಸಲಿಲ್ಲ. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಾಗ ಕನ್ನಡದ ಮೂಲವನ್ನೇ ಹುಡುಕಿ ತಂದೆ. ‘ಎದೆಯ ಹಣತೆ’ ಕಥೆಯಲ್ಲಿ ಜೀವ ಬೇಡವಾದ ತಾಯಿಯನ್ನು ಮಗಳೇ ತಡೆದು ಉಳಿಸಿಕೊಳ್ಳುತ್ತಾಳೆ.

ನಮ್ಮ ಓಣಿಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಪಕ್ಕದ ಮನೆಯ ವೈನಿಯವರು ಲಕ್ಷ್ಮೀಬಾಯಿ ಟಿಳಕರ ಮರಾಠಿ ಆತ್ಮಕಥೆ ‘ಸ್ಮೃತಿಚಿತ್ರೆ’ಯನ್ನು ನನಗೆ ಹೇಳಿದರು. ಲಕ್ಷ್ಮೀಬಾಯಿ ಅಕ್ಷರ ಕಲಿತದ್ದೇ ಲಗ್ನವಾದ ಮೇಲೆ. ನಾನು ಫಣಿಯಮ್ಮನ ಕಥೆ ಹೇಳಿದೆ. “ಇಬ್ಬರೂ ಒಂದ ಬಾವಿ ನೀರು ಸೇದಿದವರು ನೋಡ್ರಿ!” ಎಂದರು ವೈನಿ.

ಆದರೆ ವರ್ಷದ ದೊಡ್ಡ ಲಾಭ ಬೇರೆ. ನಮ್ಮ ಅತ್ತೆಯವರಿಗೆ ಓದು ಬಾರದು. “ಏನ ಪರೀಕ್ಷಾಕ್ಕ ಕೂತೀಯೇನ?” ಎಂದು ನಗುತ್ತಿದ್ದರು. ಒಂದು ದಿನ ಫಣಿಯಮ್ಮನನ್ನು ಗಟ್ಟಿಯಾಗಿ ಓದಿದೆ. ಬಾಲವಿಧವೆಯ ಭಾಗ ಬಂದಾಗ ಅವರ ಕೈಯಲ್ಲಿದ್ದ ಬತ್ತಿ ಹೊಸೆಯುವುದು ನಿಂತಿತು. “ನಮ್ಮ ಸೋದರತ್ತಿನೂ ಹಿಂಗ ಇದ್ದಳು. ಲಗ್ನದ ಮನಿಯೊಳಗ ಯಾರೂ ಆಕೀನ್ನ ಮುಂದ ಬರಗೊಡತಿರಲಿಲ್ಲ” ಎಂದರು. ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ನಿಂತರೂ ಈ ಮಾತು ಅವರ ಬಾಯಿಂದ ಬಂದಿರಲಿಲ್ಲ. ಆ ಹೆಂಗಸಿನ ಹೆಸರು ಕೂಡ ನಮಗೆ ಆವತ್ತೇ ತಿಳಿಯಿತು.

ಆದ್ದರಿಂದ ಓದುಗ ಸೋದರಿಯರಿಗೆ ನನ್ನದೊಂದೇ ಮಾತು. ಒಬ್ಬರೇ ಓದಿ ಪುಸ್ತಕ ಮುಚ್ಚಿಡಬೇಡಿ. ಮನೆಯ ಹಿರಿಯರ ಹತ್ತಿರ ಕುಳಿತು ನಾಲ್ಕು ಪುಟ ಗಟ್ಟಿಯಾಗಿ ಓದಿರಿ. ಅವರು ಮಾತಾಡಿದರೆ ಪುಸ್ತಕ ಕೆಳಗಿಟ್ಟು ಕೇಳಿರಿ, ಕೇಳಿದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿರಿ. ಅಂಥ ಕಥೆಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.